ತಟ್ಟೆ ಬೇಡದ ಊಟ

ಕೋಲ್ಕತಾದ ಎಸ್‌ಪ್ಲನೇಡ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದವರು ನ್ಯೂ ಮಾರ್ಕೆಟ್ಟಿಗೆ ದಾರಿ ಕೇಳಬೇಕಾಗಿಲ್ಲ. ಜನ ಯಾವ ಕಡೆ ನುಗ್ಗುತ್ತಿದ್ದಾರೋ ಆ ಕಡೆ ಹೆಜ್ಜೆ ಹಾಕಿದರಾಯಿತು. ಚಪ್ಪಲಿ, ಬೆಡ್‌ಶೀಟು, ಕೂದಲ ಕ್ಲಿಪ್ಪು, ಪ್ಲಾಸ್ಟಿಕ್ ಹೂವುಗಳ ರಾಶಿಗಳ ನಡುವೆ ಆ ಜನವೇ ನಮ್ಮನ್ನು ತಂದು ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡದ ಮುಂದೆ ನಿಲ್ಲಿಸಿಬಿಡುತ್ತದೆ. ಗಡಿಯಾರದ ಗೋಪುರ ನೋಡಲೆಂದು ಕತ್ತೆತ್ತಿ ನಿಂತರೆ ಹಿಂದಿನವರ ಬೈಗುಳ ಖಾತ್ರಿ.

ಈ ಮಾರ್ಕೆಟ್ಟಿನ ಹುಟ್ಟಿನಲ್ಲೇ ಒಂದು ಮಡಿಯ ಕತೆಯಿದೆ. ಮಡಿ ನಮ್ಮ ಅಗ್ರಹಾರಗಳ ಸ್ವತ್ತು ಎಂದುಕೊಂಡಿದ್ದೇವೆ, ಬ್ರಿಟಿಷರಿಗೂ ಇತ್ತು. ಹತ್ತೊಂಬತ್ತನೇ ಶತಮಾನದ ಕಲ್ಕತ್ತೆಯ ಬಿಳಿಯರಿಗೆ ಇಲ್ಲಿನ ಜನರ ಜತೆ ಮೈ ತಾಗಿಸಿಕೊಂಡು ಮಾಂಸ, ತರಕಾರಿ ಕೊಳ್ಳುವುದು ಸುತರಾಂ ಇಷ್ಟವಿರಲಿಲ್ಲ. ತಮಗೆಂದೇ ಬೇರೆ ಮಾರ್ಕೆಟ್ಟು ಬೇಕೆಂದು ಹಟ ಹಿಡಿದರು. ರಿಚರ್ಡ್ ರಾಸ್ಕೆಲ್ ಬೇಯ್ನ್ ಎಂಬ ವಾಸ್ತುಶಿಲ್ಪಿ ನಕ್ಷೆ ಹಾಕಿದ, 1874ರ ಜನವರಿ 1ರಂದು ಬಾಗಿಲು ತೆರೆಯಿತು. ಇದಕ್ಕಾಗಿ ಪಟ್ಟುಹಿಡಿದು ಓಡಾಡಿದ ಕಾರ್ಪೊರೇಷನ್ ಮುಖ್ಯಸ್ಥ ಸರ್ ಸ್ಟುವರ್ಟ್ ಹಾಗ್‌ನ ಹೆಸರನ್ನು 1903ರಲ್ಲಿ ಮಾರ್ಕೆಟ್ಟಿಗೆ ಇಟ್ಟರು. ಈಗಲೂ ಹಳಬರ ಬಾಯಲ್ಲಿ ಅದು ಹಾಗ್ ಸಾಹೇಬರ ಬಜಾರು. ಮೈ ತಾಗಬಾರದೆಂದು ಕಟ್ಟಿದ ಜಾಗದಲ್ಲಿ ಇವತ್ತು ಮೈ ತಾಗಿಸಿಕೊಳ್ಳದೆ ಎರಡು ಮಾರು ನಡೆಯಲಾಗುವುದಿಲ್ಲ.

ನಾನು ಹುಡುಕಿಕೊಂಡು ಹೋದದ್ದು ಮಾರ್ಕೆಟ್ಟನ್ನಲ್ಲ, ಅದರ ಬೆನ್ನಿಗಿರುವ ಹಾಗ್ ಸ್ಟ್ರೀಟನ್ನು. ಕಾರ್ಪೊರೇಷನ್ ಕಚೇರಿಯ ಮಗ್ಗುಲಿನ ಈ ಬೀದಿಯಲ್ಲಿ ನಿಜಾಮ್ಸ್ ಇದೆ. ರಜಾ ಹಸನ್ ಎನ್ನುವವರು 1932ರಲ್ಲಿ ಶುರು ಮಾಡಿ, ಮಗ ನಿಜಾಮುದ್ದೀನನ ಹೆಸರಿಟ್ಟ ಹೋಟೆಲು. ಪರೋಟದೊಳಗೆ ಕಬಾಬು ಇಟ್ಟು, ಸುತ್ತಿ, ಕಾಗದದಲ್ಲಿ ಬಿಗಿದು ಗಿರಾಕಿಯ ಕೈಗೆ ಕೊಡುವ ಪದ್ಧತಿ ಇಲ್ಲಿಂದ ಹೊರಟಿತೆಂದು ಊರೆಲ್ಲ ಒಪ್ಪುತ್ತದೆ. ಯಾವುದನ್ನೂ ಚರ್ಚೆಯಿಲ್ಲದೆ ಒಪ್ಪದ ಬಂಗಾಳಿಗಳು ಇದನ್ನು ಒಪ್ಪಿರುವುದೇ ದೊಡ್ಡ ಪುರಾವೆ. ಇದೇ ಕಾಟಿ ರೋಲ್. ದಶಕಗಳ ಕಾಲ ಇಡೀ ಊರಿಗೆ ರೋಲ್ ಎಂದರೆ ನಿಜಾಮ್ಸ್. ಆಮೇಲೆ ಗುಟ್ಟು ಬೀದಿಗೆ ಬಿತ್ತು. ಈಗ ಪಾರ್ಕ್ ಸ್ಟ್ರೀಟಿನಿಂದ ಗಡಿಯಾಹಾಟ್‌ವರೆಗೆ, ಪಾರ್ಕ್ ಸರ್ಕಸ್ಸಿನಿಂದ ಶ್ಯಾಮ್‌ಬಜಾರಿನವರೆಗೆ, ಎರಡು ಬೀದಿ ಕೂಡುವಲ್ಲೆಲ್ಲ ಒಂದು ಕಾವಲಿ ಕಾದಿರುತ್ತದೆ.

ಒಳಗೆ ಮೇಜು ಕುರ್ಚಿಗಳಿವೆ. ಆದರೆ ರೋಲ್ ಇರುವುದು ಬಾಗಿಲಾಚೆಯವರಿಗೆ. ನಾನೂ ಹೊರಗೇ ನಿಂತೆ. ಎದುರಿಗೆ ಗಾಡಿಚಕ್ರದಷ್ಟು ಅಗಲದ ಕಬ್ಬಿಣದ ಕಾವಲಿ, ನಡುವೆ ತುಸುವೇ ತಗ್ಗು. ತಗ್ಗಿನಲ್ಲಿ ಎಣ್ಣೆ ಮಡುಗಟ್ಟಿ ನಿಂತಿರುತ್ತದೆ. ಅಂಚಿನ ಕಡೆ ಅರೆಬೆಂದ ಪರೋಟಗಳನ್ನು ಒಂದರ ಮೇಲೊಂದು ಒಟ್ಟಿರುತ್ತಾರೆ. ಮೈದಾ ಹಿಟ್ಟಿಗೆ ಉಪ್ಪು, ಚಿಟಿಕೆ ಸಕ್ಕರೆ, ಎಣ್ಣೆ ಹಾಕಿ ನಾದಿ, ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಟ್ಟ ಉಂಡೆಗಳಿಂದಾದವು ಅವು. ಒಬ್ಬ ಹುಡುಗ ಉಂಡೆಯನ್ನು ಅಗಲಕ್ಕೆ ಲಟ್ಟಿಸಿ, ಮೇಲೆ ಡಾಲ್ಡಾ ಸವರಿ, ಸೀರೆಯ ನೆರಿಗೆಯಂತೆ ಮಡಿಸಿ, ಸುತ್ತಿ, ಮತ್ತೆ ಲಟ್ಟಿಸುತ್ತಾನೆ. ಪದರ ಬರುವುದು ಈ ಎರಡನೇ ಲಟ್ಟಣೆಯಲ್ಲಿ. ಕಾವಲಿಯವನು ಅದನ್ನು ಎಣ್ಣೆಗೆ ಬಿಟ್ಟು ಮಗುಚುವ ಕೈಯಿಂದ ಅಂಚುಗಳನ್ನು ಒತ್ತುತ್ತ ಹೋದಂತೆ ಮೈಮೇಲೆ ಕಂದು ಬೊಕ್ಕೆಗಳೇಳುತ್ತವೆ. ಪೂರಾ ಗರಿಗರಿಯಾದರೆ ಕೆಟ್ಟಿತು, ಸುತ್ತುವಾಗ ಮುರಿಯುತ್ತದೆ. ಮೆತ್ತಗೇ ಉಳಿದರೂ ಕೆಟ್ಟಿತು, ನಿಂಬೆರಸ ಕುಡಿದು ಹರಿಯುತ್ತದೆ. ಹೊರಪದರ ಗರಿ, ಒಳಪದರ ಮೆದು, ಅಷ್ಟರಲ್ಲಿ ಎತ್ತಬೇಕು. ಅವನು ಗಡಿಯಾರ ನೋಡುವುದಿಲ್ಲ, ಪರೋಟವನ್ನೂ ಸರಿಯಾಗಿ ನೋಡುವುದಿಲ್ಲ. ಕಿವಿ ಚುರ್ರೆನ್ನುವ ಸದ್ದಿನ ಮೇಲೆ, ಕಣ್ಣು ಗಿರಾಕಿಗಳ ಸಾಲಿನ ಮೇಲೆ.

ಮೊಟ್ಟೆ ಬೇಕೆಂದವರಿಗೆ ಒಂದು ಮೊಟ್ಟೆ ಒಡೆದು ಕಾವಲಿಯ ಮೇಲೆ ಹರಡಿ, ಅದು ಹಸಿಯಿರುವಾಗಲೇ ಮೇಲೆ ಪರೋಟ ಒತ್ತಿ ಮಗುಚುತ್ತಾನೆ. ಮೊಟ್ಟೆಯೂ ಪರೋಟವೂ ಒಂದೇ ಚರ್ಮವಾಗಿಬಿಡುತ್ತವೆ. ಆಮೇಲೆ ಇದ್ದಿಲ ಕೆಂಡದ ಮೇಲಿನ ಕಡ್ಡಿಯಿಂದ ಕಬಾಬಿನ ತುಂಡುಗಳನ್ನು ಒಂದೇ ಎಳೆತಕ್ಕೆ ಜಾರಿಸಿ ಉದ್ದಕ್ಕೆ ಸಾಲಾಗಿ ಬೀಳಿಸಿ, ಮೇಲೆ ತೆಳ್ಳಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಅರ್ಧ ನಿಂಬೆಹಣ್ಣು ಹಿಂಡಿ ಸುತ್ತುತ್ತಾನೆ. ಕಾಗದದ ಕೆಳತುದಿಯನ್ನು ತಿರುಚಿ ಒಳಕ್ಕೆ ತುರುಕುವಲ್ಲಿಗೆ ಮುಗಿಯಿತು. ಆ ತಿರುಚು ಸಡಿಲವಾದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಹೊಸಬರನ್ನೂ ಹಳಬರನ್ನೂ ಅಂಗಿಯ ತೋಳು ನೋಡಿಯೇ ಹೇಳಬಹುದು.

ಹೆಸರಿನಲ್ಲಿರುವ ಕಾಟಿ ಎಂದರೆ ಕಡ್ಡಿ. ಮೊದಲು ಕಬಾಬು ಸುಡುತ್ತಿದ್ದದ್ದು ಕಬ್ಬಿಣದ ಸಲಾಕಿಯಲ್ಲಿ. ಅದು ಭಾರ, ಬಿಸಿಯಾದರೆ ಮುಟ್ಟುವಂತಿಲ್ಲ, ದುಡ್ಡು ಹಾಕಿ ಎಷ್ಟೆಂದು ಮಾಡಿಸಿಡುವುದು? 1964ರ ಸುಮಾರಿಗೆ ನಿಜಾಮ್ಸ್‌ನವರು ಬಿದಿರುಕಡ್ಡಿಗೆ ಬದಲಾಯಿಸಿದರು. ಕಡ್ಡಿ ಅಗ್ಗ, ಹಗುರ, ಬೇಕಾದಷ್ಟು ಸಿಗುತ್ತದೆ. ರಾಶಿ ರಾಶಿ ಪೋಣಿಸಿಟ್ಟುಕೊಂಡರೆ ಸಂಜೆಯ ನುಗ್ಗಾಟಕ್ಕೆ ಹೆದರಬೇಕಿಲ್ಲ. ಊರಿನ ತಿಂಡಿಯ ಹೆಸರನ್ನೇ ತಿದ್ದಿದ ಸುಧಾರಣೆ ಬಂದದ್ದು ರುಚಿಗಾಗಿ ಅಲ್ಲ, ಸಾಲು ಬೇಗ ಕರಗಲೆಂದು.

ಕಬಾಬನ್ನು ಪರೋಟದೊಳಗೆ ಸುತ್ತಬೇಕೆಂದು ಯಾರಿಗೆ ಯಾಕೆ ಹೊಳೆಯಿತು ಎಂಬುದಕ್ಕೆ ಕಲ್ಕತ್ತೆಯಲ್ಲಿ ಎರಡು ಕತೆಗಳಿವೆ. ಒಂದರ ಪ್ರಕಾರ, ಮಾರ್ಕೆಟ್ಟಿಗೆ ಬರುತ್ತಿದ್ದ ಸಾಹೇಬರಿಗೆ ಕಬಾಬಿನ ಆಸೆ, ಆದರೆ ಜಿಡ್ಡಿಗೆ ಬೆರಳು ಹಾಕಲು ಅಸಹ್ಯ; ಅವರಿಗಾಗಿ ಸುತ್ತಿ ಕೊಟ್ಟರು. ಇನ್ನೊಂದರ ಪ್ರಕಾರ, ಟ್ರಾಮು ಹಿಡಿಯುವ ಅವಸರದಲ್ಲಿದ್ದ ಗುಮಾಸ್ತರಿಗೆ ಕೂತು ತಿನ್ನಲು ಪುರುಸೊತ್ತಿರಲಿಲ್ಲ. ನಡೆಯುತ್ತಲೇ ತಿನ್ನಲೆಂದು ಸುತ್ತಿ ಕೊಟ್ಟರು. ಯಾವುದು ನಿಜ ಎಂದು ತೀರ್ಮಾನಿಸುವ ಗೋಜಿಗೆ ನಾನು ಹೋಗಲಿಲ್ಲ. ಆದರೆ ಹಾಗ್ ಸ್ಟ್ರೀಟಿನಲ್ಲಿ ನಿಂತು ತಿನ್ನುತ್ತಿದ್ದಾಗ ಎರಡೂ ಕತೆಗಳಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ ಅನ್ನಿಸಿತು. ಸಾಹೇಬನ ಬೆರಳು ಬಂತು, ಬಾಬುವಿನ ಅವಸರ ಬಂತು. ತಟ್ಟೆ ಎಲ್ಲಿ ಹೋಯಿತು?

ಕನ್ನಡದವನಿಗೆ ಈ ಪ್ರಶ್ನೆ ಹೊಳೆಯದೆ ಇರುವುದು ಕಷ್ಟ. ನಾವು ಎಂಜಲು, ಮುಸುರೆ, ಪಂಕ್ತಿ ಎಂಬ ಮಾತುಗಳ ನಡುವೆ ಬೆಳೆದವರು. ನಿಂತು ತಿಂದರೆ ನಮ್ಮಜ್ಜಿ, "ಕೂತ್ಕೊಂಡು ತಿನ್ನೋ, ದನ ಅಲ್ಲ ನೀನು" ಎಂದು ಗದರುತ್ತಿದ್ದಳು. ಕೂರುವುದೇನೋ ಸರಿ. ಎಲ್ಲಿ ಕೂರಬೇಕು, ಯಾರ ಪಕ್ಕ ಕೂರಬೇಕು, ಎಂಜಲೆಲೆ ಯಾರು ಎತ್ತಬೇಕು ಎಂಬುದೆಲ್ಲ ಆ ಕೂರುವುದರ ಜತೆಗೇ ಬರುತ್ತಿತ್ತು. ನಮ್ಮ ಕಡೆಯ ಸಣ್ಣ ಊರುಗಳ ಹೋಟೆಲುಗಳಲ್ಲಿ ಹೊರಗಿನ ಕಂಬಕ್ಕೆ ಸಿಕ್ಕಿಸಿಟ್ಟ ಬೇರೆ ಲೋಟಗಳಿರುತ್ತಿದ್ದವು. ಕೆಲವು ಕೇರಿಯವರು ಅದರಲ್ಲೇ ಚಹಾ ಹಾಕಿಸಿಕೊಂಡು, ಕುಡಿದು, ತಾವೇ ತೊಳೆದು ಮತ್ತೆ ಅಲ್ಲಿಗೇ ಸಿಕ್ಕಿಸಬೇಕು. ಚಹಾ ಒಂದೇ, ಕೆಟಲು ಒಂದೇ, ಕಾಸೂ ಒಂದೇ. ಭೇದವೆಲ್ಲ ಲೋಟದಲ್ಲಿ. ಅಂದರೆ ಈ ದೇಶದಲ್ಲಿ ಆಹಾರದಷ್ಟೇ ಜಗಳ ಆಹಾರವನ್ನು ಹಾಕಿಕೊಡುವ ಪಾತ್ರೆಯ ಮೇಲೂ ನಡೆದಿದೆ. ಆ ಪಾತ್ರೆಯನ್ನೇ ಇಲ್ಲವಾಗಿಸಿದ ತಿಂಡಿಯೊಂದು ಎದುರಿಗೆ ಬಂದಾಗ ಅದನ್ನು ಬರೀ ರುಚಿಯ ವಿಷಯವೆಂದು ನುಂಗಿ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಮಾರನೆಯ ದಿನ ಕಾಲೇಜ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳ ಕಡೆ ಹೋಗಿದ್ದೆ. ಅಲ್ಲೇ ಭವಾನಿ ದತ್ತ ಲೇನಿನಲ್ಲಿ ಸ್ವಾಧೀನ್ ಭಾರತ್ ಹಿಂದೂ ಹೋಟೆಲ್ ಇದೆ. ಹಿಂದೆ ಬರೀ ಹಿಂದೂ ಹೋಟೆಲ್. ಸ್ವಾತಂತ್ರ್ಯ ಬಂದ ಮೇಲೆ ಹೆಸರಿನ ಮುಂದೆ ಸ್ವತಂತ್ರ ಭಾರತ ಸೇರಿಕೊಂಡಿತು. ಸುಭಾಷ್‌ಚಂದ್ರ ಬೋಸರು ಓದುತ್ತಿದ್ದ ಕಾಲದಲ್ಲಿ ಇಲ್ಲಿ ಊಟ ಮಾಡುತ್ತಿದ್ದರೆಂಬುದು ಹೋಟೆಲಿನವರ ಹೆಮ್ಮೆ. ಇಂಥವನ್ನು ಊರಿನವರು ಪೈಸ್ ಹೋಟೆಲ್ ಎನ್ನುತ್ತಾರೆ. ಪೈಸೆ ಲೆಕ್ಕದಲ್ಲಿ ಹೊಟ್ಟೆ ತುಂಬಿಸುತ್ತಿದ್ದ ಹೋಟೆಲುಗಳು. ಅನ್ನಕ್ಕೊಂದು ದರ, ಬೇಳೆಗೊಂದು, ಮೀನಿನ ತುಂಡಿಗೊಂದು. ಬಾಳೆಲೆಗೂ ಬೇರೆ ಕಾಸು. ಎಲೆ ಹಾಸಿ ಬಡಿಸಿದ ಮೀನಿನ ಸಾರು ನನ್ನನ್ನು ನೇರ ಮಂಗಳೂರಿಗೆ ಒಯ್ಯಿತು. ಹಳ್ಳಿಗಳಿಂದ ಓದಲು, ದುಡಿಯಲು ಬಂದ ಸಾವಿರಾರು ಹುಡುಗರನ್ನು ಈ ಹೋಟೆಲುಗಳು ಸಾಕಿವೆ, ಆ ಋಣ ದೊಡ್ಡದು. ಆದರೆ ಬೋರ್ಡಿನ ಮೇಲೆ ಹಿಂದೂ ಎಂದು ಬರೆದದ್ದು ಸುಮ್ಮನೆ ಅಲ್ಲ. ಇಲ್ಲಿ ಅಡುಗೆ ಯಾರದು, ಪಕ್ಕದಲ್ಲಿ ಕೂರುವವರು ಯಾರು ಎಂದು ಯೋಚಿಸಬೇಡ, ನಿಶ್ಚಿಂತೆಯಿಂದ ಕೂತುಕೋ ಎಂಬ ಭರವಸೆ ಅದು. ನಮ್ಮ ಕಡೆಯ ಹಳೆಯ ಹೋಟೆಲುಗಳ ಬೋರ್ಡಿನ ಮೇಲಿರುತ್ತಿದ್ದ 'ಬ್ರಾಹ್ಮಣರ ಫಲಾಹಾರ ಮಂದಿರ'ದ ಬಂಗಾಳಿ ತಮ್ಮ. ಅಂಥ ಬೋರ್ಡುಗಳ ಕಾಲದ ಊರಿನಲ್ಲಿ ಮುಸಲ್ಮಾನರ ಹೋಟೆಲೊಂದು ಕಬಾಬನ್ನು ಕಾಗದದಲ್ಲಿ ಸುತ್ತಿ ಬೀದಿಗೆ ಕೊಟ್ಟಿತು. ಒಳಗೆ ಬಂದು ಕೂತು, ಅವರ ಪಿಂಗಾಣಿ ತಟ್ಟೆಗೆ ಕೈ ಹಾಕಲು ಹಿಂಜರಿಯುವವನೂ ಬಾಗಿಲಲ್ಲಿ ನಿಂತು ಪೊಟ್ಟಣ ಇಸಿದುಕೊಂಡು ಹೋಗಬಹುದಲ್ಲ.

ಈ ಊಹೆಗೆ ಬಲವೂ ತಿದ್ದುಪಡಿಯೂ ಬಂದದ್ದು ಹುಬ್ಬಳ್ಳಿಯ ಗೆಳೆಯರೊಬ್ಬರಿಂದ. ಬಿ.ಬಿ.ಡಿ. ಬಾಗ್‌ನ ಬ್ಯಾಂಕೊಂದಕ್ಕೆ ವರ್ಗವಾಗಿ ಬಂದವರು. ದಕ್ಷಿಣದವರು ಹೆಚ್ಚಾಗಿರುವ ಲೇಕ್ ಮಾರ್ಕೆಟ್ ಕಡೆ ಮನೆ. ಅಲ್ಲಿ ಇಡ್ಲಿ, ದೋಸೆ, ಕರಿಬೇವು, ಮಲ್ಲಿಗೆಮಾಲೆ ಎಲ್ಲ ಸಿಗುವುದರಿಂದ ಮನೆಯವರಿಗೆ ಊರು ಬಿಟ್ಟ ಬೇಸರ ಅಷ್ಟಾಗಿ ಇಲ್ಲವಂತೆ. ಸಂಜೆ ಕಚೇರಿ ಮುಗಿಸಿ ನನ್ನನ್ನು ಡೆಕರ್ಸ್ ಲೇನಿಗೆ ಕರೆದೊಯ್ದರು. ಆಫೀಸುಪಾಡಾದ, ಅಂದರೆ ಕಚೇರಿಗಳ ಕೇರಿಯ, ಹಸಿವೆಲ್ಲ ಬಂದು ಸೇರುವ ಓಣಿ ಅದು. ನಾನು ಅಭ್ಯಾಸಬಲದಿಂದ ಕೂರುವ ಜಾಗಕ್ಕೆ ಕಣ್ಣಾಡಿಸುತ್ತಿದ್ದೆ.

"ಸರ್, ಇಲ್ಲೆ ಕುಂಡ್ರಾಕ ಜಾಗಾ ಹುಡಕಬ್ಯಾಡ್ರಿ, ತಾಟೂ ಕೇಳಬ್ಯಾಡ್ರಿ. ನಿಂತ ತಿನ್ನೂದು, ಹೋಗೂದು" ಎಂದರು.

ಅವರು ಎಗ್ ರೋಲ್ ಹೇಳಿದರು. ನಾನು ಅವರ ಮುಖ ನೋಡಿದೆ. ಮನೆಯಲ್ಲಿ ಶುದ್ಧ ಶಾಕಾಹಾರ ಎಂಬುದು ಹಿಂದಿನ ರಾತ್ರಿ ಅವರಲ್ಲಿ ಉಂಡಿದ್ದ ನನಗೆ ಗೊತ್ತಿತ್ತು.

"ಮನ್ಯಾಗ ತತ್ತಿ ನಡಿಯಂಗಿಲ್ರಿ. ಹಾಂಗಂತ ತಂದ್ರ ಬಾಂಡೆನೂ ಬ್ಯಾರೆ ಬೇಕು. ಇಲ್ಲೆ ಆದ್ರ ಕಾಗದದಾಗ ಸುತ್ತಿ ಕೊಡ್ತಾರ. ತಿಂದು ಕಾಗದ ಒಗದ್ರ ಮುಗೀತು, ಯಾರ ಬಾಂಡೆನೂ ಮೈಲಿಗಿ ಆಗಲಿಲ್ಲ." ಒಂದು ತುತ್ತು ಕಚ್ಚಿ, ಎರಡೂ ಕಡೆ ನೋಡಿ ಸೇರಿಸಿದರು: "ಊರಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ."

ನಾನು ಹಾಗ್ ಸ್ಟ್ರೀಟಿನಿಂದ ಹೊತ್ತು ತಂದ ಸಿದ್ಧಾಂತವನ್ನು ಅವರು ಒಂದು ಎಗ್ ರೋಲಿನಲ್ಲಿ ತಿದ್ದಿಬಿಟ್ಟರು. ಕಾಗದ ಮಡಿಯನ್ನು ಮುರಿದಿದೆ ಎಂದು ನಾನು ಹಿಗ್ಗುತ್ತಿದ್ದೆ. ಹಾಗಲ್ಲ, ಮಡಿ ಮುರಿಯದೆಯೇ ತಿನ್ನಲು ಕಾಗದ ದಾರಿ ಮಾಡಿಕೊಟ್ಟಿದೆ. ಪಕ್ಕದಲ್ಲೇ ಚಹಾದವನ ಮಣ್ಣಿನ ಕುಡಿಕೆಗಳಿದ್ದವು, ಇಲ್ಲಿ ಭಾಡ್ ಎನ್ನುತ್ತಾರೆ. ಕುಡಿದ ಮೇಲೆ ಒಡೆದು ಬಿಸಾಡುವುದು. ಮಣ್ಣಿನ ವಾಸನೆ ಸೊಗಸು ಎಂದು ಪ್ರವಾಸಿಗಳು ಹೊಗಳುತ್ತಾರೆ; ಅದರ ಹಿಂದಿರುವುದು ಮಾತ್ರ ಇನ್ನೊಬ್ಬರ ತುಟಿ ತಾಗಿದ ಪಾತ್ರೆ ನನಗೆ ಬೇಡ ಎನ್ನುವ ಹಳೆಯ ಹಟ. ರೋಲಿನ ಕಾಗದ ಆ ಕುಡಿಕೆಯದೇ ಜಾತಿ. ಜಾತಿಯನ್ನು ಎದುರು ಹಾಕಿಕೊಳ್ಳದೆ, ಬಳಸಿ ದಾಟಿಕೊಂಡು ಹೋಗುವ ಜಾಣತನ ಇದು. ಕ್ರಾಂತಿ ಮಾಡಿದವರ ಪಟ್ಟಿಯಲ್ಲಿ ಪರೋಟದವನ ಹೆಸರು ಬರುವುದಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ, ವ್ಯಾಪಾರ ಆಗಬೇಕಿತ್ತು.

ಇದನ್ನು ಅತಿಯಾಗಿ ಕೊಂಡಾಡದಿರಲು ಈ ಊರಿನ ಚರಿತ್ರೆಯೂ ಎಚ್ಚರಿಸುತ್ತದೆ. 1946ರ ಆಗಸ್ಟ್ 16ರಿಂದ ಕೆಲವು ದಿನ ಕಲ್ಕತ್ತೆಯ ಬೀದಿಗಳಲ್ಲಿ ನಡೆದ ಕೋಮುಗಲಭೆಯಲ್ಲಿ ಹಿಂದೂಗಳೂ ಮುಸಲ್ಮಾನರೂ ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಒಂದೇ ಕಾವಲಿಯ ತಿಂಡಿ ತಿಂದ ಕೈಗಳು ಆಗ ಏನು ಮಾಡಿದವೆಂದು ಕೇಳಿದರೆ ತಿಂಡಿಯ ಬಳಿ ಉತ್ತರವಿಲ್ಲ. ಕೂಡಿ ತಿಂದವರು ಕೂಡಿ ಬಾಳುತ್ತಾರೆ ಎನ್ನುವುದು ಭಾಷಣಕ್ಕೆ ಚೆನ್ನ.

ಕಬಾಬು, ಪರೋಟಗಳ ತವರು ನೋಡಬೇಕೆಂದು ಒಂದು ದಿನ ಮಟಿಯಾಬ್ರುಜ್‌ಗೆ ಹೋದೆ. ಹೂಗ್ಲಿ ನದಿಯ ದಂಡೆಯ, ಈಗ ದರ್ಜಿಗಳ ಹೊಲಿಗೆ ಯಂತ್ರಗಳ ಸದ್ದು ತುಂಬಿರುವ ಬಡಾವಣೆ. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧ್ ರಾಜ್ಯವನ್ನು ನುಂಗಿದಾಗ ನವಾಬ ವಾಜಿದ್ ಅಲಿ ಶಾ ಲಖನೌ ಬಿಟ್ಟು ಬಂದು ನೆಲೆಸಿದ್ದು ಇಲ್ಲಿ. ಜತೆಗೆ ಬಾಣಸಿಗರು, ಗಾಯಕರು, ನರ್ತಕಿಯರು, ಪಾರಿವಾಳಗಳು. ಮೂವತ್ತು ವರ್ಷ ಇಲ್ಲೇ ಕಳೆದು 1887ರಲ್ಲಿ ತೀರಿಕೊಂಡು, ತಾನೇ ಕಟ್ಟಿಸಿದ ಸಿಬ್ತೈನಾಬಾದ್ ಇಮಾಂಬಾರಾದಲ್ಲಿ ಮಣ್ಣಾದ. ಲಖನೌದ ದಮ್ ಬಿರಿಯಾನಿ, ಕಬಾಬು, ಪರೋಟಗಳು ಬಂಗಾಳದ ನಾಲಿಗೆಗೆ ಹತ್ತಿದ್ದರಲ್ಲಿ ಅವನ ಪರಿವಾರದ ಪಾಲು ದೊಡ್ಡದು. ಆದರೆ ನವಾಬನ ಕಬಾಬು ದಸ್ತರ್‌ಖಾನಿನ ಮೇಲಿನದು. ನೆಲಕ್ಕೆ ಬಟ್ಟೆ ಹಾಸಿ, ಸುತ್ತ ಕೂತು, ಪದಾರ್ಥ ಒಂದೊಂದಾಗಿ ಬರುತ್ತಿದ್ದಂತೆ ಮಾತಾಡುತ್ತ ಗಂಟೆಗಟ್ಟಲೆ ಉಣ್ಣುವುದು. ಕಬಾಬು ಗಟ್ಟಿಯಾಗಿ ಜಗಿಯುವಂತಿದ್ದರೆ ಬಾಣಸಿಗನಿಗೆ ಅವಮಾನ. ಆ ಕುಳಿತ ಊಟವನ್ನು ಎಬ್ಬಿಸಿ ನಿಲ್ಲಿಸಿ, ಟ್ರಾಮು ಹತ್ತಿಸಿ ಕಳಿಸಿದ್ದು ಮಾತ್ರ ಕಲ್ಕತ್ತೆಯ ಬೀದಿ.

ಬೀದಿಗೆ ಬಂದ ಮೇಲೆ ಅದು ಯಾರ ಮಾತನ್ನೂ ಕೇಳಲಿಲ್ಲ. ಪಾಡಾಗಳ ಮೂಲೆ ಮೂಲೆಯಲ್ಲಿ ಮಾಂಸವನ್ನೇ ಬಿಟ್ಟು ಎಗ್ ರೋಲ್ ಆಯಿತು, ಪನೀರ್ ರೋಲ್ ಆಯಿತು, ಆಲೂ ರೋಲ್ ಆಯಿತು. ಕಲ್ಕತ್ತೆಯ ಚೀನೀಯರ ಸಾಸುಗಳು ಒಳಹೊಕ್ಕವು. ಪೌ ಚಾಂಗ್ ಎಂಬ ಇಲ್ಲಿನ ಚೀನಿ ಮನೆತನದ ಕಂಪನಿ 1958ರಿಂದ ಹಸಿರು ಚಿಲ್ಲಿ ಸಾಸ್ ಮಾಡುತ್ತಿದೆ. ಹಳೇ ನಿಷ್ಠಾವಂತರಿಗೆ ಸಾಸ್ ಕಂಡರೆ ಮೈಯೆಲ್ಲ ಉರಿ: ನಿಂಬೆ, ಈರುಳ್ಳಿ, ಮೆಣಸಿನಕಾಯಿ ಬಿಟ್ಟು ಬೇರೇನು ಹಾಕಿದರೂ ಅದು ರೋಲೇ ಅಲ್ಲ ಎಂದು ವಾದಿಸುತ್ತಾರೆ. ಹದಿಹರೆಯದವರಿಗೆ ಸಾಸಿಲ್ಲದಿದ್ದರೆ ತಿಂದಂತೆಯೇ ಅಲ್ಲ. ದುರ್ಗಾಪೂಜೆಯ ರಾತ್ರಿಗಳಲ್ಲಿ ಈ ವಾದವೂ ನಿಂತುಹೋಗುತ್ತದೆಂದು ಹುಬ್ಬಳ್ಳಿಯ ಗೆಳೆಯರು ಹೇಳಿದರು. ಪೆಂಡಾಲಿನಿಂದ ಪೆಂಡಾಲಿಗೆ ಬೆಳಗಾಗುವವರೆಗೆ ನಡೆಯುವ ಜನಕ್ಕೆ ಕೈಯಲ್ಲಿ ಹಿಡಿದು ತಿನ್ನುವ ಇದೊಂದೇ ಗತಿ. ಬೇರೆ ದಿನ ಹೊತ್ತು ಮುಳುಗಿದ ಮೇಲೆ ಹೊರಗಿದ್ದರೆ ಮನೆಯಿಂದ ಫೋನು ಬರುವ ಹೆಣ್ಣುಮಕ್ಕಳು ಆ ನಾಲ್ಕು ರಾತ್ರಿ ನಡುಬೀದಿಯಲ್ಲಿ ನಿಂತು ರೋಲ್ ತಿನ್ನುತ್ತಾರೆ.

ಸುತ್ತಿ ಕೊಡುವ ಉಪಾಯ ಕಲ್ಕತ್ತೆಯೊಂದಕ್ಕೇ ಹೊಳೆದದ್ದಲ್ಲ. ಮುಂಬೈಯಲ್ಲಿ ಇದರ ದಾಯಾದಿ ಫ್ರ್ಯಾಂಕಿ ಇದ್ದಾನೆ. ಅಮರ್‌ಜಿತ್ ಸಿಂಗ್ ಟಿಬ್ ಎಂಬವರು 1960ರ ದಶಕದಲ್ಲಿ ವಿದೇಶದಿಂದ ಮರಳುವಾಗ ಬೈರೂತ್‌ನಲ್ಲಿ ಪಿಟಾ ರೊಟ್ಟಿಯೊಳಗೆ ಮಾಂಸ ತುಂಬಿ ಕೊಡುವುದನ್ನು ಕಂಡು, ಊರಿಗೆ ಬಂದು, ಮೊಟ್ಟೆ ಹಚ್ಚಿದ ರೊಟ್ಟಿಯಲ್ಲಿ ಮಸಾಲೆ ಮಾಂಸ ಸುತ್ತಿ ಮಾರಲು ಶುರು ಮಾಡಿದರು. ಹೆಸರು ಇಟ್ಟದ್ದು ವೆಸ್ಟ್ ಇಂಡೀಸಿನ ಕ್ರಿಕೆಟ್ ನಾಯಕ ಫ್ರ್ಯಾಂಕ್ ವೊರೆಲ್‌ನ ಮೇಲಿನ ಅಭಿಮಾನಕ್ಕೆ. ಆ ವೊರೆಲ್‌ಗೆ ಕಲ್ಕತ್ತೆಯ ಜತೆಗೂ ಒಂದು ನಂಟಿದೆ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್‌ನ ಚೆಂಡು ತಲೆಗೆ ಬಡಿದು ನಮ್ಮ ನಾಯಕ ನಾರಿ ಕಂಟ್ರಾಕ್ಟರ್ ಸಾವಿನ ಅಂಚಿಗೆ ಹೋದಾಗ ರಕ್ತ ಕೊಟ್ಟವರಲ್ಲಿ ಎದುರಾಳಿ ನಾಯಕ ವೊರೆಲ್ ಕೂಡ ಒಬ್ಬ. ಅದರ ನೆನಪಿಗೆ ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರತಿವರ್ಷ ಫೆಬ್ರವರಿ 3ರಂದು ರಕ್ತದಾನ ಶಿಬಿರ ನಡೆಸುತ್ತದೆ. ಈಡನ್ ಗಾರ್ಡನ್ಸ್ ಮುಂದೆ ಹಾದುಹೋಗುವಾಗ ಇದು ನೆನಪಾಗಿ ನಗು ಬಂತು. ಬೇರೆ ಕೇರಿಯವನ ಲೋಟ ಮುಟ್ಟದವನೂ ಆಸ್ಪತ್ರೆಯಲ್ಲಿ ಬಾಟಲಿಯ ರಕ್ತ ಯಾವ ಕೇರಿಯದೆಂದು ಕೇಳುವುದಿಲ್ಲ. ಬಾಟಲಿಯ ಮೇಲೆ ಬರೆದಿರುವುದು ರಕ್ತದ ಗುಂಪು ಮಾತ್ರ ಎಂಬುದು ನಮ್ಮ ಪುಣ್ಯ.

ಬೆಂಗಳೂರಿಗೆ ಮರಳಿದ ಮೇಲೆ ನಮ್ಮೂರಿನ ನಿಂತು ತಿನ್ನುವ ಪದ್ಧತಿಯ ಕಡೆ ಕಣ್ಣು ಹೊರಳಿತು. ಜಾನ್ಸನ್ ಮಾರ್ಕೆಟ್ ಹತ್ತಿರ ಸೀಕ್ ಕಬಾಬಿನ ರೋಲು ಕೊಳ್ಳಲು ನಿಲ್ಲುವವರ ಸಾಲು ಹಳೆಯದು. ಆದರೆ ಈ ಊರಿಗೆ ನಿಂತು ತಿನ್ನುವುದನ್ನು ಕಲಿಸಿದ್ದು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಕೆಫೆ ದರ್ಶಿನಿ ತೆರೆಯಿತು: ಕುರ್ಚಿಯಿಲ್ಲ, ಮಾಣಿಯಿಲ್ಲ, ಟೋಕನ್ ಕೊಟ್ಟು ತಿಂಡಿ ತೆಗೆದುಕೊಂಡು ಎದೆಯೆತ್ತರದ ಮೇಜಿನ ಮುಂದೆ ನಿಂತು ತಿಂದರಾಯಿತು. ಅಡುಗೆಮನೆ ಕಣ್ಣೆದುರಿಗೇ. ಕುರ್ಚಿ ತೆಗೆದ ಕೂಡಲೇ ಸಾಲುಪಂಕ್ತಿ ಹೋಯಿತು, ಜಡ್ಜೂ ಆಟೊದವನೂ ಒಂದೇ ಮೇಜಿನ ಎರಡು ಮೂಲೆಗೆ ಬಂದರು. ಆದರೆ ದರ್ಶಿನಿ ತಟ್ಟೆಯನ್ನು ಉಳಿಸಿಕೊಂಡಿತು. ಚಟ್ನಿ ಸಾಂಬಾರಿಗೆ ತಟ್ಟೆಯಿಲ್ಲದೆ ಆಗುವುದೂ ಇಲ್ಲ. ತಟ್ಟೆ ಉಳಿದ ಮೇಲೆ ಎಂಜಲು ಉಳಿಯಿತು, ಎಂಜಲು ಎತ್ತುವ ಹುಡುಗ ಉಳಿದ. ಮೇಜು ಒರೆಸಿ, ಟಬ್ಬಿಗೆ ತಟ್ಟೆ ಹಾಕಿಕೊಂಡು ಹೋಗುವ ಆ ಹುಡುಗನನ್ನು ಯಾರೂ ಮುಖವೆತ್ತಿ ನೋಡುವುದಿಲ್ಲ. ಅವನು ರಾಯಚೂರಿನವನೋ ಅಸ್ಸಾಮಿನವನೋ ಎಂದು ಕೇಳಿದವರೂ ಕಡಿಮೆ. ಡೆಕರ್ಸ್ ಲೇನಿನ ಕಾಗದದಂಗಡಿಯಲ್ಲಿ ಈ ಕೆಲಸಗಾರನೇ ಇಲ್ಲ ಎನ್ನುವುದು ಆಗ ಹೊಳೆಯಿತು. ಅಲ್ಲಿರುವವರು ಉಂಡೆ ಲಟ್ಟಿಸುವವನು, ಕಾವಲಿಯವನು, ಕಾಸು ಎಣಿಸುವವನು. ಕಾಗದ ಗುಡಿಸುವ ಪೌರಕಾರ್ಮಿಕರು ಬೆಳಗ್ಗೆ ಬೇಗ ಬರುತ್ತಾರೆ. ಅವರು ಯಾವ ಕೇರಿಯವರೆಂದು ಎರಡೂ ಊರಿಗೆ ಗೊತ್ತು. ಆದ್ದರಿಂದ ಎಂಜಲು ಇಲ್ಲವಾಗಿದೆ ಎಂದು ಹೇಳಲಾರೆ. ಅಂಗಡಿಯಿಂದ ಬೀದಿಗೆ ಜರುಗಿದೆ, ಅಷ್ಟೆ.

ಈಗ ರೋಲ್ ಬೀದಿಯನ್ನೂ ಬಿಡುತ್ತಿದೆ. ಪುಣೆಯಲ್ಲಿ ಕಲ್ಕತ್ತೆಯ ರೋಲಿಗಾಗಿ ಹಂಬಲಿಸಿದ ಇಬ್ಬರು ಬಂಗಾಳಿ ಗೆಳೆಯರು ಫಾಸೋಸ್ ಎಂಬ ಅಂಗಡಿ ತೆರೆದರು. ಅದೇ ಮುಂದೆ ಬೆಳೆದು ರೆಬೆಲ್ ಫುಡ್ಸ್ ಎಂಬ ದೊಡ್ಡ ಕಂಪನಿಯಾಯಿತು. ಗಿರಾಕಿ ಕಾಲಿಡದ, ಮೊಬೈಲಿನಲ್ಲಿ ಬಂದ ಆರ್ಡರಿಗಷ್ಟೇ ಅಡುಗೆ ಮಾಡುವ ಕ್ಲೌಡ್ ಕಿಚನ್ನುಗಳ ಕಂಪನಿ. ನಡೆಯುವವರಿಗೆಂದು ಹುಟ್ಟಿದ ತಿಂಡಿ ಸೋಫಾದ ಮೇಲೆ ಕೂತವರ ಬಳಿಗೆ ತಾನೇ ನಡೆದು ಬರುತ್ತಿದೆ. ಮಧ್ಯೆ ಓಡುವುದು ಬೈಕಿನ ಹುಡುಗ. 2024ರ ಮಾರ್ಚ್‌ನಲ್ಲಿ ಝೊಮ್ಯಾಟೊ ಶುದ್ಧ ಶಾಕಾಹಾರಿಗಳಿಗೆಂದೇ ಬೇರೆ ಪಡೆ ಮಾಡುವುದಾಗಿ ಹೇಳಿತು. ಆ ಹುಡುಗರಿಗೆ ಕೆಂಪಿನ ಬದಲು ಹಸಿರು ಅಂಗಿ, ಹಸಿರು ಡಬ್ಬ. ಅಪಾರ್ಟ್‌ಮೆಂಟಿನವರು ಹಸಿರಂಗಿಯವನಿಗೊಂದು ಗೇಟು, ಕೆಂಪಂಗಿಯವನಿಗೊಂದು ಗೇಟು ಮಾಡುತ್ತಾರೆಂದು ಗದ್ದಲವಾದ ಮೇಲೆ ಮರುದಿನವೇ ಅಂಗಿಯ ಬಣ್ಣ ಹಿಂದಕ್ಕೆ ಪಡೆದರು, ಪಡೆ ಉಳಿಯಿತು. ಆ ಸುದ್ದಿ ಓದಿದಾಗ ನನಗೆ ಕಂಬಕ್ಕೆ ಸಿಕ್ಕಿಸಿದ ಲೋಟವಲ್ಲದೆ ಬೇರೇನೂ ನೆನಪಾಗಲಿಲ್ಲ. ಅವರವರ ಆಹಾರ ಅವರವರ ಇಷ್ಟ, ಅದರಲ್ಲಿ ತಕರಾರಿಲ್ಲ. ಆದರೆ ಲೋಟ ಹೋದರೆ ಡಬ್ಬ, ಡಬ್ಬ ಹೋದರೆ ಅಂಗಿ ಎಂದು ಭೇದ ಜಿಗಿಯುವುದಕ್ಕೆ ಹೊಸ ಕೊಂಬೆ ಹುಡುಕುತ್ತಲೇ ಇರುತ್ತದೆ.

ಹಾಗಾದರೆ ಕಾಟಿ ರೋಲ್ ಮಾಡಿದ್ದಾದರೂ ಏನು? ಬಹಳ ಸಣ್ಣ ಕೆಲಸ. ಕೊಳ್ಳುವವನ ಕುಲ, ಮತ, ಮನೆತನ ತಿಳಿದುಕೊಳ್ಳುವ ಅಗತ್ಯವನ್ನು ಮಾರುವವನಿಂದ ತಪ್ಪಿಸಿತು. ಕುರ್ಚಿ ಇದ್ದರೆ ಎಲ್ಲಿ ಕೂರಿಸಲಿ ಎಂದು ಯೋಚಿಸಬೇಕು, ತಟ್ಟೆ ಇದ್ದರೆ ಯಾವುದರಲ್ಲಿ ಕೊಡಲಿ ಎಂದು ಯೋಚಿಸಬೇಕು. ಇವೆರಡೂ ಇಲ್ಲದಿದ್ದಾಗ ಅವನಿಗೆ ಉಳಿಯುವುದು ಒಂದೇ ಪ್ರಶ್ನೆ. ನ್ಯೂ ಮಾರ್ಕೆಟ್ಟಿನಲ್ಲಿ, ಡೆಕರ್ಸ್ ಲೇನಿನಲ್ಲಿ, ಗಡಿಯಾಹಾಟ್‌ನಲ್ಲಿ ಎಲ್ಲ ಕಡೆ ನನ್ನನ್ನು ಕೇಳಿದ್ದು ಅದೊಂದೇ: "ಝಾಲ್ ಹೋಬೆ?" ಖಾರ ಹಾಕಲೇ? ಹಾಕು ಎಂದರೆ ಮೆಣಸಿನಕಾಯಿ ಬೀಳುತ್ತದೆ, ಬೇಡವೆಂದರೆ ಇಲ್ಲ. ನಾನು ಯಾರೆಂಬುದರ ಬಗ್ಗೆ ಅವನಿಗೆ ಬೇಕಾದ ಮಾಹಿತಿ ಅಷ್ಟೆ. ನನ್ನ ಹಿಂದೆ ನಿಂತಿದ್ದವನಿಗೂ ಅದೇ ಪ್ರಶ್ನೆ, ಅವನ ಹಿಂದಿನವಳಿಗೂ ಅದೇ.

ಆ್ಯಪಿನಲ್ಲಿಯೂ ಖಾರ ಎಷ್ಟು ಎಂದು ಕೇಳುತ್ತ ಗುಂಡಿ ಒತ್ತಿಸುತ್ತಾರೆ ನಿಜ. ಆದರೆ ಅದಕ್ಕೂ ಮೊದಲೇ ನನ್ನ ಹೆಸರು, ವಿಳಾಸ, ಬೀದಿ, ಹಿಂದಿನ ತಿಂಗಳು ಏನೇನು ತಿಂದೆ ಎಂಬುದೆಲ್ಲ ಅದಕ್ಕೆ ಗೊತ್ತಿರುತ್ತದೆ. ಏನೂ ಗೊತ್ತಿಲ್ಲದವನ ಕೈಯಿಂದ ತಿನ್ನಬೇಕೆಂದರೆ ಮನೆಯಿಂದ ಹೊರಬಿದ್ದು, ಸಾಲಿನಲ್ಲಿ ನಿಂತು, ಸರದಿ ಬಂದಾಗ ಚಿಲ್ಲರೆ ಕೊಡಬೇಕು.